ಮಡಿ ಕೆಡಿಸಿದ ಕೋಳಿ

ಬೆಳಗಿನ ನಾಲ್ಕೂವರೆಗೆ ನಮ್ಮ ಪಕ್ಕದ ಮನೆಯ ಹುಂಜ ವ್ಯಾಕರಣಪಾಠವನ್ನು ಆರಂಭಿಸುತ್ತದೆ. ಇದು ನನ್ನ ಕಲ್ಪನೆಯಲ್ಲ. ಹ್ರಸ್ವ, ದೀರ್ಘ, ಪ್ಲುತ ಎಂದು ಸ್ವರಕ್ಕೆ ಮೂರು ಅಳತೆಗಳನ್ನು ಹೇಳುವಾಗ ಪಾಣಿನಿಯು ಅಕಾರವನ್ನು ಬಿಟ್ಟು ಉಕಾರವನ್ನೇ ಏಕೆ ಹಿಡಿದನೆಂಬುದಕ್ಕೆ ಸಂಪ್ರದಾಯದವರು ಒಂದು ವಿವರಣೆ ಕೊಡುತ್ತಾರೆ: ಕೋಳಿಯ ಕೂಗಿನಲ್ಲಿ ಆ ಮೂರು ಅಳತೆಗಳೂ ಒಂದರ ಹಿಂದೊಂದು ಸ್ಪಷ್ಟವಾಗಿ ಕೇಳಿಬರುತ್ತವೆಯಂತೆ. ತರಗತಿಯಲ್ಲಿ ನಾನು ಎಷ್ಟು ಎಳೆದು ಹೇಳಿದರೂ ವಿದ್ಯಾರ್ಥಿಗಳ ಕಿವಿಗೆ ಹತ್ತದ ಪ್ಲುತವನ್ನು ಆ ಹುಂಜ ಒಂದೇ ಉಸಿರಿನಲ್ಲಿ ಇಡೀ ಬೀದಿಗೆ ಮನವರಿಕೆ ಮಾಡಿಕೊಡುತ್ತದೆ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿ ನಕ್ಕವರು. ನಮ್ಮ ಬೀದಿಯ ಮಟ್ಟಿಗೆ ಆ ಅಜ್ಜಿಯ ನಂಬಿಕೆ ಅಷ್ಟೇನೂ ತಪ್ಪಲ್ಲ.

ಹುಂಜದ ಮೇಲೆ ನನಗೆ ದೂರಿಲ್ಲ. ದೂರೇನಿದ್ದರೂ ಅದರ ಪರಿವಾರದ ಮೇಲೆ. ಬೆಳಕು ಹರಿದ ಮೇಲೆ ಆ ಪರಿವಾರವು ನಮ್ಮ ಹಿತ್ತಿಲಿನ ಮೇಲೆ ಕೈಗೊಳ್ಳುವ ದಂಡಯಾತ್ರೆಯ ಮೇಲೆ.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಹಳೆಯ ಹೆಂಚಿನ ಮನೆಯೊಂದರಲ್ಲಿ ನಮ್ಮ ಸಂಸಾರವಿದೆ. ಮನೆ ಚಿಕ್ಕದಾದರೂ ಹಿತ್ತಿಲು ದೊಡ್ಡದು. ಒಂದು ನುಗ್ಗೆಮರ, ಎರಡು ಬಾಳೆ, ಬಚ್ಚಲ ನೀರು ಹರಿದುಹೋಗುವ ಕಡೆ ಕೆಸವಿನ ಪೊದೆ. ಉಳಿದ ಜಾಗದಲ್ಲಿ ನಾನು ಆರೆಂಟು ಮಡಿಗಳನ್ನು ಮಾಡಿಕೊಂಡು ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ, ಒಂದಿಷ್ಟು ಬದನೆ ಬೆಳೆಯುತ್ತೇನೆ. ಪಕ್ಕದ ಹಿತ್ತಿಲಿಗೂ ನಮಗೂ ನಡುವೆ ಎದೆಯೆತ್ತರದ ಒಂದು ಮಣ್ಣುಗೋಡೆ. ಆಚೆ ಇರುವಾಕೆ ಎಪ್ಪತ್ತು ದಾಟಿದ ಹೆಂಗಸು; ಬೀದಿಯವರೆಲ್ಲ ಕರೆಯುವುದು ದೊಡ್ಡಮ್ಮ ಎಂದು. ಜೊತೆಗೆ ಒಬ್ಬ ಮೊಮ್ಮಗ; ನಮ್ಮ ಕಾಲೇಜಿನಲ್ಲಿಯೇ ಬಿ.ಎ. ಓದುತ್ತಾನೆ. ಆಕೆಗೆ ಮಗ ಕಳಿಸುವ ಹಣ ಮನೆಗೆ, ಕೋಳಿಮೊಟ್ಟೆ ಮಾರಿ ಬರುವ ಹಣ ತನಗೆ. ಈ ಎರಡನೆಯ ಹಣದ ವಿಷಯದಲ್ಲಿ ಆಕೆ ಯಾರಿಗೂ ಲೆಕ್ಕ ಹೇಳುವುದಿಲ್ಲ.

ಕೋಳಿಯ ವಿಷಯದಲ್ಲಿ ನಮ್ಮ ನುಡಿಗೆ ಬಡತನವಿಲ್ಲ. ಗಂಡು ಹುಂಜ, ಹೆಣ್ಣು ಹೇಂಟೆ, ಇನ್ನೂ ಮೊಟ್ಟೆಗೆ ಬಾರದ ಎಳೆಯದು ಯಾಟೆ, ಮರಿ ಪಿಳ್ಳೆ. ಕುಳಿತರೆ ಕಾವು, ಎದ್ದರೆ ಕೆದರು. ಈ ಕೊನೆಯ ಕ್ರಿಯಾಪದವೇ ನನ್ನ ಸಂಕಟದ ಮೂಲ. ಹೇಂಟೆಯು ಮಡಿಯನ್ನು ಹೊಕ್ಕು ಕೆಲಸ ಮಾಡುವುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ಬಹಳ ದಿನ ನೋಡಿದ್ದೇನೆ. ಎಡಗಾಲಿನಿಂದ ಒಂದೆರಡು ಸಲ, ಬಲಗಾಲಿನಿಂದ ಒಂದೆರಡು ಸಲ ಮಣ್ಣನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕತ್ತನ್ನು ಓರೆ ಮಾಡಿ, ಹಸ್ತಪ್ರತಿಯ ಮೇಲೆ ಬಾಗಿದ ವಿದ್ವಾಂಸನಂತೆ ಒಂದೇ ಕಣ್ಣಿನಿಂದ ನೆಲವನ್ನು ಪರಿಶೀಲಿಸುತ್ತದೆ. ಸಿಕ್ಕಿದ ಹುಳುವಿಗಿಂತ ಕೆದರಿದ ಮಣ್ಣೇ ಹೆಚ್ಚು. ಎದುರಿಗೆ ಕಾಳು ಸುರಿದಿದ್ದರೂ ಅದನ್ನು ಬಿಟ್ಟು ಹೋಗಿ ನೆಲ ಕೆದರುವುದನ್ನು ನಾನೇ ಕಂಡಿದ್ದೇನೆ. ಹಸಿವಿಗಾಗಿ ಮಾಡುವ ಕೆಲಸ ಇದಲ್ಲವೆಂದು ಆಗ ತಿಳಿಯಿತು.

ಇದು ಆ ಹಕ್ಕಿಗೆ ವಂಶದಿಂದ ಬಂದದ್ದು. ಮನೆಗೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಆದರೆ ಅನೇಕ ಕೋಳಿಗಳಲ್ಲಿ ಕಾಣುವ ಹಳದಿ ಚರ್ಮದ ಗುಣ ಮಾತ್ರ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಬೂದು ಕಾಡುಕೋಳಿ ನಮ್ಮ ಸಹ್ಯಾದ್ರಿಯ ಹಕ್ಕಿ. ಸಕಲೇಶಪುರದ ಕಡೆಯ ಕಾಡಿನಂಚಿನಲ್ಲಿ ಬೆಳಗಿನ ಹೊತ್ತು ಅದರ ಒಡಕು ಕೂಗನ್ನು ಕೇಳಿದವರು ಅನೇಕರಿದ್ದಾರೆ. ಈ ಹಕ್ಕಿಗಳು ಕಾಡಿನ ನೆಲದ ತರಗೆಲೆಯನ್ನು ಕೆದರಿ ಬದುಕಿದವು. ನಾನು ಗೊಬ್ಬರ ಬೆರೆಸಿ, ಹದ ಮಾಡಿ, ನೀರು ಚಿಮುಕಿಸಿ ಇಟ್ಟ ಮಡಿಗಿಂತ ಒಳ್ಳೆಯ ಕಾಡು ಆ ಕುಲಕ್ಕೆ ಎಂದೂ ಸಿಕ್ಕಿರಲಾರದು. ಆಹ್ವಾನಪತ್ರಿಕೆಯನ್ನು ನಾನೇ ಅಚ್ಚು ಹಾಕಿಸಿ ಹಂಚಿದ ಹಾಗಾಗಿತ್ತು.

ನಾನು ಮಾಡಿದ ಉಪಾಯಗಳನ್ನೆಲ್ಲ ಹೇಳಹೊರಟರೆ ಅದೊಂದು ಪುರಾಣ. ಹಳೆಯ ಅಂಗಿ ತೊಡಿಸಿದ ಬೆದರುಬೊಂಬೆಯ ನೆರಳಿನಲ್ಲಿ ಕೋಳಿಗಳು ಮಧ್ಯಾಹ್ನದ ವಿಶ್ರಾಂತಿ ಪಡೆದವು. ಗೋಡೆಯ ಮೇಲೆ ಜಾಲಿಮುಳ್ಳು ಹೊದಿಸಿದೆ. ಗೇಟಿನ ಕೆಳಗಿನಿಂದ ಬಂದವು. ಗೇಟಿಗೆ ತಗಡು ಹೊಡೆಸಿದೆ. ಗೋಡೆಯ ಪಕ್ಕದ ನುಗ್ಗೆಕೊಂಬೆಗೆ ಹಾರಿ, ಅಲ್ಲಿಂದ ಧುಮುಕಿದವು. ಕೋಳಿಯು ಬೇಲಿಯನ್ನು ಒಂದೇ ನೆಗೆತಕ್ಕೆ ದಾಟುವುದು ಅಪರೂಪ. ಮೊದಲು ಬೇಲಿಯ ತುದಿಯಲ್ಲಿ ಕೂರುತ್ತದೆ, ಆಮೇಲೆ ಇಳಿಯುತ್ತದೆ. ಆದ್ದರಿಂದ ಕೂರಲು ಗಟ್ಟಿ ತುದಿಯೇ ಇಲ್ಲದ, ಬಳುಕುವ ಬಲೆಯನ್ನು ಕಟ್ಟಬೇಕೆಂದು ತಿಳಿದವರೊಬ್ಬರು ಹೇಳಿದರು. ಬಲೆಯನ್ನು ತಂದು ಕಟ್ಟಿದೆ. ಎರಡನೆಯ ದಿನ ಒಂದು ಯಾಟೆಯ ಕಾಲು ಅದರಲ್ಲಿ ಸಿಕ್ಕಿಕೊಂಡು, ಬಿಡಿಸುವುದರೊಳಗೆ ಅದು ಮಾಡಿದ ಆರ್ತನಾದಕ್ಕೆ ಬೀದಿಯೇ ಸೇರಿತು. ಬಲೆಯನ್ನು ಅಂದೇ ಬಿಚ್ಚಿಹಾಕಿದೆ. ಒಂದು ಪಕ್ಕದ ರೆಕ್ಕೆಯ ಗರಿಗಳನ್ನು ಕತ್ತರಿಸಿದರೆ ಹಕ್ಕಿ ತೂಕ ತಪ್ಪಿ ಹಾರಲಾರದು ಎಂದು ಇನ್ನೊಬ್ಬರ ಸಲಹೆ. ಆದರೆ ಪರರ ಕೋಳಿಯ ರೆಕ್ಕೆಗೆ ಕತ್ತರಿ ಹಾಕುವ ಅಧಿಕಾರ ನನಗೆಲ್ಲಿಂದ ಬರಬೇಕು?

ಅಧಿಕಾರದ ಮಾತು ಬಂದಾಗ ನನಗೆ ಪರಿಚಯದ ವಕೀಲರೊಬ್ಬರ ನೆನಪಾಯಿತು. ಅವರು ಗಂಭೀರವಾಗಿ ಕೇಳಿಸಿಕೊಂಡು, ಬ್ರಿಟಿಷರು 1871ರಲ್ಲಿ ಮಾಡಿದ ದನಗಳ ಅತಿಕ್ರಮಣದ ಕಾಯಿದೆಯನ್ನು ತೆಗೆದು ನನ್ನ ಮುಂದಿಟ್ಟರು. ಬೆಳೆ ಮೇದ ದನವನ್ನು ದೊಡ್ಡಿಗೆ ಅಟ್ಟುವ ಪದ್ಧತಿಗೆ ಆಧಾರವಾಗಿದ್ದ ಕಾಯಿದೆ ಅದು. ಅದರಲ್ಲಿ ದನವೆಂದರೆ ಏನೇನು ಎಂಬುದಕ್ಕೆ ಒಂದು ಪಟ್ಟಿಯಿದೆ: ಆನೆ ಇದೆ, ಒಂಟೆ ಇದೆ, ಎಮ್ಮೆ, ಕುದುರೆ, ಹೇಸರಗತ್ತೆ, ಕತ್ತೆ, ಹಂದಿ, ಕುರಿ, ಮೇಕೆ ಇವೆ. ಕೋಳಿ ಇಲ್ಲ. ಹಿತ್ತಿಲಿಗೆ ಒಂಟೆ ನುಗ್ಗಿದರೆ ನನಗೆ ಆ ಕಾಯಿದೆಯ ರಕ್ಷೆಯಿತ್ತು. ಹೇಂಟೆ ನುಗ್ಗಿದರೆ ಇರಲಿಲ್ಲ. "ನೆರೆಯವರ ಹತ್ತಿರ ಮಾತಾಡಿ ನೋಡಿ" ಎಂದರು ವಕೀಲರು. ಅದಕ್ಕೆ ಅವರು ಶುಲ್ಕ ತೆಗೆದುಕೊಳ್ಳಲಿಲ್ಲ.

ಮಾತಾಡಿ ನೋಡಿದ್ದೆ. ದೊಡ್ಡಮ್ಮನವರ ಉತ್ತರ ಸರಳವಾಗಿತ್ತು: "ಅಯ್ಯೋ ಮೇಷ್ಟ್ರೇ, ಅವಕ್ಕೇನು ಗೊತ್ತು, ನಿಮ್ದು ಯಾವ್ದು ನಮ್ದು ಯಾವ್ದು ಅಂತ. ಬಂದ್ರೆ ಹುಶ್ ಅನ್ನಿ, ಹೋಯ್ತವೆ." ಹುಶ್ ಎನ್ನುತ್ತಿದ್ದೆ, ಹೋಗುತ್ತಿದ್ದವು, ನಾನು ಕಾಲೇಜಿಗೆ ಹೊರಟ ಮೇಲೆ ಮತ್ತೆ ಬರುತ್ತಿದ್ದವು. ಹೀಗೆಯೇ ವರ್ಷಗಳು ಕಳೆದವು. 2024ರ ಆಷಾಢದಲ್ಲಿ ನಡೆದ ಸಂಗತಿಯೊಂದು ಇಲ್ಲದಿದ್ದರೆ ಈ ಲೇಖನಕ್ಕೆ ಅವಕಾಶವಾಗುತ್ತಿರಲಿಲ್ಲ.

ನಮ್ಮ ತಾಯಿ 2019ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ವಸ್ತುಗಳಲ್ಲಿ ಬೂದಿಯಲ್ಲಿ ಕಲಸಿ ಬಟ್ಟೆಯಲ್ಲಿ ಕಟ್ಟಿಟ್ಟ ದಂಟಿನ ಬೀಜದ ಗಂಟೂ ಒಂದು. ಸಾಸಿವೆಗಿಂತ ಸಣ್ಣದು, ಕಪ್ಪಗೆ ಮಿರುಗುವಂಥದು. ಕೆಂಪು ದಂಟು, ಹುಳಿಗೆ ಹಾಕಿದರೆ ನಾರಿಲ್ಲದೆ ಬೆಣ್ಣೆಯಂತೆ ಬೇಯುತ್ತದೆ. ಪ್ರತಿ ವರ್ಷವೂ ಒಂದೆರಡು ಗಿಡಗಳನ್ನು ಕೀಳದೆ ಬೀಜಕ್ಕೆಂದು ಬಿಟ್ಟು ಗಂಟನ್ನು ಹೊಸದಾಗಿಸುವುದು ನಮ್ಮ ರೂಢಿ. 2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ನಲ್ಲಿಯಲ್ಲಿ ಕುಡಿಯುವಷ್ಟು ನೀರು ಬಂದರೆ ಪುಣ್ಯವೆನ್ನುವಂತಿತ್ತು. ಆ ವರ್ಷ ಬೀಜ ಕೂಡಲಿಲ್ಲ. ಮರುವರ್ಷ ಮುಂಗಾರು ಚೆನ್ನಾಗಿ ಹಿಡಿದಾಗ ಗಂಟಿನಲ್ಲಿ ಉಳಿದಿದ್ದುದು ಒಂದು ಹಿಡಿಗಿಂತ ಕಡಿಮೆ. ಅದರಲ್ಲಿ ಮುಕ್ಕಾಲು ಪಾಲನ್ನು ಮರಳಿನ ಜೊತೆ ಬೆರೆಸಿ ಒಂದು ಮಡಿಗೆ ಚೆಲ್ಲಿದೆ. ಆರನೆಯ ದಿನ ಮೊಳಕೆ ಕಾಣಿಸಿತು. ಎಂಟನೆಯ ದಿನ ಮಡಿಯ ಮೇಲೆ ಕುಂಕುಮ ಉದುರಿಸಿದಂತೆ ತೆಳ್ಳಗೆ ಕೆಂಪು ಹಬ್ಬಿತ್ತು. ಭಾನುವಾರ. ಊಟ ಮಾಡಿ ಕೈತೊಳೆಯಲು ಹಿತ್ತಿಲಿಗೆ ಬಂದರೆ ಚುಕ್ಕೆ ಹೇಂಟೆಯೊಂದು ಒಂಬತ್ತು ಪಿಳ್ಳೆಗಳ ಸಮೇತ ಆ ಮಡಿಯ ನಟ್ಟನಡುವೆ ನಿಂತು ಮಕ್ಕಳಿಗೆ ವಿದ್ಯಾಭ್ಯಾಸ ಮಾಡಿಸುತ್ತಿತ್ತು. ಕುಂಕುಮ ಅಳಿಸಿಹೋಗಿತ್ತು.

ಕೈಗೆ ಸಿಕ್ಕಿದ ಮಣ್ಣಿನ ಹೆಂಟೆಯೊಂದನ್ನು ತೆಗೆದು ಬೀಸಿದೆ. ಹೇಂಟೆಗೆ ಹೆಂಟೆ, ಎಕಾರದ ಹ್ರಸ್ವದೀರ್ಘಗಳಷ್ಟೇ ನಡುವಿನ ಅಂತರ ಎಂದು ಈಗ ಹೇಳಿ ನಗಬಹುದು. ಆಗ ನಗು ಇರಲಿಲ್ಲ. ಅದು ಗುರಿ ತಪ್ಪಿ, ಒಂದು ಮೊಳ ಆಚೆ ಗೋಡೆಗೆ ಬಡಿದು ಪುಡಿಯಾಯಿತು. ಕೋಳಿಗಳು ಚೆಲ್ಲಾಪಿಲ್ಲಿಯಾದವು. ತಲೆಯೆತ್ತಿ ನೋಡಿದರೆ ಗೋಡೆಯ ಆಚೆ ದೊಡ್ಡಮ್ಮನವರ ಮೊಮ್ಮಗ ನಿಂತಿದ್ದ. ಆ ವಾರವಷ್ಟೇ ನಾನು ಅವನ ತರಗತಿಗೆ ಜನ್ನನ ಯಶೋಧರಚರಿತೆಯನ್ನು ಮುಗಿಸಿದ್ದೆ. 1209ರ ಆ ಕಾವ್ಯದ ಕಥೆ ವಾಚಕರಿಗೆ ತಿಳಿದದ್ದೇ. ಜೀವವನ್ನು ಕೊಲ್ಲಲಾರೆನೆಂದ ಅರಸ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಆ ಸಂಕಲ್ಪಮಾತ್ರದ ಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ತುತ್ತಾಗುತ್ತಾರೆ. ಕೈ ಮಾಡಿದ್ದಕ್ಕಿಂತ ಮನಸ್ಸು ಮಾಡಿದ್ದೇ ಇಲ್ಲಿ ಮುಖ್ಯ ಎಂದು ಮೇಜು ಕುಟ್ಟಿ ಹೇಳಿದವನು ನಾನು. ಆ ಹುಡುಗ ಟಿಪ್ಪಣಿ ಬರೆದುಕೊಂಡಿದ್ದ.

ನಾಚಿಕೆಯಾದಾಗ ಮನುಷ್ಯನ ದನಿ ಏರುತ್ತದೆ. "ಹೋಗಿ ನಿಮ್ಮ ಅಜ್ಜಿಗೆ ಹೇಳಪ್ಪ, ನಿಮ್ಮ ಕೋಳಿಗಳು ಬಂದು ನಮ್ಮ ಮಡಿಯನ್ನೆಲ್ಲ ಕೆಡಿಸಿಬಿಟ್ಟವು ಅಂತ" ಎಂದೆ. ಅವನು "ಆಗಲಿ ಸಾರ್" ಎಂದು ಒಳಗೆ ಹೋದ.

ಮರುದಿನ ಒಂದು ಕೋಳಿಯೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೆಳಗಿನ ಕೂಗು ಕೂಡ ಮಡಕೆಯೊಳಗಿನಿಂದ ಬಂದಂತೆ ಕೇಳಿತು. ವಕೀಲರಿಂದ ಆಗದದ್ದು ಒಂದು ಮಾತಿನಿಂದ ಆಯಿತೆಂದು ನಾನು ಒಳಗೊಳಗೇ ಹಿಗ್ಗಿದೆ. ನಾಲ್ಕನೆಯ ದಿನ ಗೋಡೆಯ ಮೇಲಿನಿಂದ ಬಗ್ಗಿ ನೋಡಿದೆ. ಅಂಗಳದಲ್ಲಿ ಏಳು ಬಿದಿರು ಮಂಕರಿಗಳು ಬೋರಲಾಗಿದ್ದವು. ಪ್ರತಿಯೊಂದರ ಮೇಲೂ ಒಂದೊಂದು ಕಲ್ಲು. ಸಂದುಗಳಿಂದ ಕೊಕ್ಕುಗಳು ಕಾಣುತ್ತಿದ್ದವು. ಜಗಲಿಯಲ್ಲಿ ಕುಳಿತು ರಾಗಿ ಕೇರುತ್ತಿದ್ದ ದೊಡ್ಡಮ್ಮ ನನ್ನನ್ನು ಕಂಡರೂ ಕಾಣದವರಂತೆ ಮೊರವನ್ನು ಆ ಕಡೆಗೆ ತಿರುಗಿಸಿಕೊಂಡರು.

ನನ್ನ ಹೆಂಡತಿಗೆ ಈ ಸಂಗತಿ ಹೇಳಿದೆ. "ಸರಿಯಾಗಿ ಏನೆಂದು ಹೇಳಿಕಳಿಸಿದಿರಿ?" ಎಂದು ಕೇಳಿದಳು. ಹೇಳಿದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, "ಅಲ್ಲ, ನಿಮ್ಮ ಎಂ.ಎ.ಯಲ್ಲಿ ಪಾತಿ ಅನ್ನುವ ಶಬ್ದ ಇರಲಿಲ್ಲವೆ?" ಎಂದಳು.

ಆಗ ನನಗೆ ಹೊಳೆಯಿತು. ಹೊಳೆದು, ನಿಂತಲ್ಲೇ ಬೆವರಿದೆ.

ಮಡಿ ಎಂಬ ಶಬ್ದವನ್ನು ನಾನು ತರಗತಿಯಲ್ಲಿ ಅದೆಷ್ಟು ಸಲ ವಿವರಿಸಿದ್ದೇನೋ! ಮಡಿಸಿದರೆ ಮಡಿ, ಎರಡು ಮಡಿ ಇಮ್ಮಡಿ, ಮೂರು ಮಡಿ ಮುಮ್ಮಡಿ. ಸೊಪ್ಪು ಬಿತ್ತುವ ಪಾತಿ ಮಡಿ. ಕೃಷಿ ಇಲಾಖೆಯ ಕರಪತ್ರದಲ್ಲಿಯೂ ಸಸಿಮಡಿ ಎಂದೇ ಬರುತ್ತದೆ. ಯುದ್ಧದಲ್ಲಿ ಸತ್ತವನು ಮಡಿದವನು. ಒಗೆದ ಬಟ್ಟೆ ಮಡಿ, ಆ ಬಟ್ಟೆಯನ್ನುಟ್ಟು ಯಾರನ್ನೂ ಮುಟ್ಟದೆ ಇರುವ ಸ್ಥಿತಿಯೂ ಮಡಿ. ಬಟ್ಟೆಯನ್ನು ಮಡಿ ಮಾಡಿಕೊಡುವವನು ಮಡಿವಾಳ. ಹನ್ನೆರಡನೆಯ ಶತಮಾನದ ಶರಣ ಮಾಚಯ್ಯನ ಹೆಸರಿನಲ್ಲಿ ಆ ಕಾಯಕ ಇಂದಿಗೂ ಬೆಳಗುತ್ತಿದೆ. ಆದರೆ ಮಡಿಯನ್ನು ಮಾಡಿದ ಆ ಕೈಯೇ ಮಡಿಯುಟ್ಟವರನ್ನು ಮುಟ್ಟಬಾರದೆಂಬ ವಿಚಿತ್ರವನ್ನೂ ನಮ್ಮ ಸಮಾಜ ನಡೆಸಿಕೊಂಡು ಬಂದಿತು. ಒಂದೇ ಉಚ್ಚಾರಣೆ, ಇಷ್ಟೊಂದು ಅರ್ಥ. ಇವುಗಳಲ್ಲಿ ಯಾವುದು ಯಾವಾಗ ಎಂಬುದು ಸಂದರ್ಭದಿಂದ ತಿಳಿಯುತ್ತದೆ ಎಂದು ಹುಡುಗರಿಗೆ ಹೇಳಿ ಮುಂದಕ್ಕೆ ಹೋಗುವುದು ನನ್ನ ಕ್ರಮ.

ಸಂದರ್ಭವೆಂದರೇನು? ಆಲಂಕಾರಿಕರು ಕೊಡುವ ಹಳೆಯ ಉದಾಹರಣೆಯೊಂದಿದೆ. ಸೂರ್ಯ ಮುಳುಗಿದ ಎಂಬ ಒಂದೇ ಮಾತು ದನಗಾಹಿಗೆ ದನ ಹೊಡೆದುಕೊಂಡು ಹೊರಡು ಎಂದೂ, ಸಂಧ್ಯಾವಂದನೆ ಮಾಡುವವನಿಗೆ ಏಳು ಎಂದೂ, ಪ್ರಿಯನಿಗಾಗಿ ಕಾದವಳಿಗೆ ಇನ್ನೇನು ಬರುವನೆಂದೂ ಕೇಳಿಸುತ್ತದೆ. ಹೇಳುವವರು ಯಾರು, ಕೇಳುವವರು ಯಾರು ಎಂಬುದರಿಂದ ಧ್ವನಿ ಹುಟ್ಟುತ್ತದೆ. ಮಡಿ ಕೆಟ್ಟಿತು ಎಂದು ರೈತನೊಬ್ಬ ಹೇಳಿದ್ದರೆ ಸೊಪ್ಪಿನ ಮಡಿ ಕೆಟ್ಟಿತೆಂದೇ ಅರ್ಥವಾಗುತ್ತಿತ್ತು. ನನ್ನ ಮನೆಯ ಬಾಯಿಂದ, ಕೋಳಿ ಸಾಕುವವರ ಮನೆಯ ಕಿವಿಗೆ ಆ ಮಾತು ಹೋದಾಗ? ಊರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರನ್ನು ಹೆಸರು ಕೇಳುವ ಮೊದಲೇ ಏನು ಉಣ್ಣುತ್ತೀರಿ ಎಂದು ಕೇಳುವುದುಂಟು. 2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡಲಾರಂಭಿಸಿದಾಗ ಎದ್ದ ಕೋಲಾಹಲವನ್ನು ಎಲ್ಲರೂ ಕಂಡಿದ್ದೇವೆ. ಇದೆಲ್ಲ ನನ್ನ ಮಾತಿನ ಹಿಂದೆ ನಿಂತಿತ್ತು. ನಾನು ಮಾತ್ರ ದಂಟಿನ ಸಸಿಯನ್ನು ಕುರಿತು ಮಾತಾಡಿದೆನೆಂದು ತಿಳಿದಿದ್ದೆ.

ಅಂದು ಸಂಜೆ ದೊಡ್ಡಮ್ಮನವರ ಮನೆಗೆ ಹೋದೆ. ಹದಿಮೂರು ವರ್ಷಗಳ ನೆರೆಯಲ್ಲಿ ಗೋಡೆಯ ಮೇಲೆಯೇ ನಮ್ಮ ಮಾತುಕತೆ ನಡೆದಿತ್ತು. ಅವರ ಬಾಗಿಲಿಗೆ ಹೋದದ್ದು ಅದೇ ಮೊದಲೆಂದು ಬಾಗಿಲಲ್ಲಿ ನಿಂತಾಗ ನೆನಪಾಯಿತು. ಆಕೆ ಮೊಮ್ಮಗನ ಕೈಯಲ್ಲಿ ಅಂಗಳಕ್ಕೆ ಕುರ್ಚಿ ತರಿಸಿ ಹಾಕಿಸಿದರು.

"ಒಳಗೆ ಕರೀಬೇಕು. ಏನೋ, ಹೊರಗೇ ವಾಸಿ ನಿಮಗೆ" ಎಂದರು.

ನಾನು ಕುಳಿತುಕೊಳ್ಳದೆ, ಹುಡುಗನ ಕೈಯಲ್ಲಿ ಹೇಳಿಕಳಿಸಿದ ಮಾತು ಬೇರೆ ಅರ್ಥ ಕೊಟ್ಟಿರಬಹುದು, ನಾನು ಹೇಳಿದ್ದು ಸೊಪ್ಪಿನ ಮಡಿಯ ವಿಷಯ, ಇನ್ನಾವ ಮಡಿಯೂ ನನ್ನ ಮನಸ್ಸಿನಲ್ಲಿರಲಿಲ್ಲ ಎಂದು, ಉಪನ್ಯಾಸಕರ ಚಾಳಿಯಂತೆ ಒಂದನ್ನು ಮೂರು ಸಲ ಹೇಳಿದೆ.

ದೊಡ್ಡಮ್ಮ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: "ಸೊಪ್ಪಿನ ಮಡಿ ಅಂತ ನಂಗೆ ತಿಳೀಲಿಲ್ಲ ಅಂದ್ಕೊಂಡ್ರಾ ಮೇಷ್ಟ್ರೇ? ಹುಟ್ಟಿದಾಗಿಂದ ಮಡಿ ಕಟ್ಟಿ ಸೊಪ್ಪು ಬೆಳೆದೋಳು ನಾನು. ಹುಡುಗ ಬಂದು ಹೇಳ್ದಾಗ ಅಯ್ಯೋ ಪಾಪ ಅಂತಲೇ ಅಂದೆ. ರಾತ್ರಿ ಮಲಗಿದ ಮೇಲೆ ನಿಮ್ಮ ತಾಯಿ ನೆನಪಾದ್ರು."

ನಾನು ಸುಮ್ಮನಿದ್ದೆ.

"ಹಿತ್ತಿಲ ತಂತಿ ಮೇಲೆ ಸೀರೆ ಒಣಗಾಕ್ತಿದ್ರಲ್ಲ. ಅದರ ಕೆಳಗೆ ನಮ್ಮ ಹೇಂಟೆ ಹಾದುಹೋದ್ರೆ ಸಾಕು, ತಗೊಂಡೋಗಿ ಮತ್ತೆ ಒಗೀತಿದ್ರು. ಮಡಿ ಕೆಟ್ಟಿತು ಅಂತ ಅಷ್ಟೇ ಅನ್ನೋರು, ಅದೂ ಮೆತ್ತಗೆ. ಒಂದು ದಿನ ಮೂರು ಸಲ ಒಗೆದ್ರು. ವಯಸ್ಸಾದ ಜೀವ. ನಾನು ಈಚೆ ಕಡೆ ನಿಂತು ನೋಡ್ತಿದ್ದೆ. ಬೈಯಲಿಲ್ಲ ಅವರು, ಒಂದು ದಿನಾನೂ ಬೈಯಲಿಲ್ಲ. ಬೈದಿದ್ರೆ ನಾನೂ ಎರಡು ಮಾತಾಡ್ತಿದ್ದೆ, ಮುಗೀತಿತ್ತು."

ಆ ಸೀರೆಗಳನ್ನು ನಾನು ಕಂಡವನೇ. ಮಡಿಕೋಲಿನಿಂದ ಅವುಗಳನ್ನು ತಂತಿಗೇರಿಸುತ್ತಿದ್ದ ತಾಯಿಯ ಕೈ, ನಡುಗುವ ಕೋಲು, ಇವೆಲ್ಲ ನನ್ನ ನೆನಪಿನಲ್ಲಿ ಪ್ರೀತಿಯ ಚಿತ್ರಗಳಾಗಿಯೇ ಉಳಿದಿದ್ದವು. ಒಂದು ಸಲ ಯಾವುದೋ ಮಾಸಪತ್ರಿಕೆಗೆ ಈ ಕುರಿತು ಬರೆದೂ ಇದ್ದೆ. ಎರಡನೆಯ ಸಲ ಏಕೆ ಒಗೆಯುತ್ತಿದ್ದರೆಂದು ನಾನು ಕೇಳಿರಲಿಲ್ಲ. ಗೋಡೆಯ ಆಚೆ ಒಬ್ಬರು ನಿಂತು ನೋಡುತ್ತಿದ್ದಾರೆಂದು ತಾಯಿಗೆ ತಿಳಿದಿತ್ತೆ? ತಿಳಿದಿರಲಾರದು ಎಂದುಕೊಳ್ಳುವುದು ಮಗನಿಗೆ ಹಿತ. ನನಗೆ ತಿಳಿದಿರಲಿಲ್ಲವೆಂಬುದಕ್ಕೆ ಮಾತ್ರ ಯಾವ ಸಮಾಧಾನವೂ ಇಲ್ಲ. ಹಾಳಾದದ್ದು ಅವರ ದಂಟಿನ ಮಡಿ. ನನ್ನ ಬಾಯಿಂದ ಹೊರಟದ್ದು ಅವರದೇ ಮಾತು.

"ತಪ್ಪಾಯಿತು ದೊಡ್ಡಮ್ಮ" ಎಂದೆ. ಯಾರ ಪರವಾಗಿ ಹೇಳಿದೆನೋ ನನಗೇ ಸ್ಪಷ್ಟವಿರಲಿಲ್ಲ.

"ಬಿಡಿ ಬಿಡಿ. ನಿಮ್ಮನೆ ಮಡಿ ಕೆಡೋದಿದ್ರೆ ಕೋಳಿಯಿಂದ ಅಲ್ಲ. ನಿಮ್ಮ ಹುಡುಗ ಎರಡು ವರ್ಷದಿಂದ ಶನಿವಾರ ಶನಿವಾರ ಇಲ್ಲಿ ಬಂದು ಬೇಯಿಸಿದ ಮೊಟ್ಟೆ ತಿಂದು..." ಎಂದವರು, ಮೊಮ್ಮಗ ಹಿಂದಿನಿಂದ ಕೆಮ್ಮಿದ್ದನ್ನು ಕೇಳಿ ತಟಕ್ಕನೆ ನಿಲ್ಲಿಸಿದರು. ಮೂವರೂ ಸ್ವಲ್ಪ ಹೊತ್ತು ಮಂಕರಿಗಳನ್ನೇ ನೋಡಿದೆವು. ಮೊದಲು ನಕ್ಕವರು ದೊಡ್ಡಮ್ಮ. ಮಗನಿಗೆ ಈ ವಿಷಯ ನನಗೆ ಗೊತ್ತೆಂದು ನಾನು ಈವರೆಗೂ ಹೇಳಿಲ್ಲ. ಈ ಪುಟವನ್ನು ಅವನು ಓದುವ ಅಪಾಯವಿಲ್ಲ.

ಆಮೇಲೆ ಕೋಳಿಗಳ ಮಾತಾಯಿತು. ಮುಚ್ಚಿಟ್ಟಾಗಿನಿಂದ ಮೊಟ್ಟೆಯೇ ನಿಂತುಹೋಗಿದೆ ಎಂದರು. ಬಿಡಲು ಹೇಳಿದೆ. "ಬಿಟ್ರೆ ನಿಮ್ಮ ಸೊಪ್ಪು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡಮ್ಮ ಎದ್ದು ಒಂದು ಮಂಕರಿಯ ಮೇಲಿನ ಕಲ್ಲನ್ನು ತೆಗೆದು, ಮಂಕರಿಯನ್ನು ಎತ್ತಿ, ಒಳಗಿದ್ದ ಚುಕ್ಕೆ ಹೇಂಟೆ ಮೈ ಕೊಡವಿಕೊಂಡು ಓಡಿಹೋದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟರು. "ಕೋಳಿ ಓಡಾಡೋ ಜೀವ, ಅದನ್ನ ಮುಚ್ಚಿಡಬಾರದು. ಗಿಡ ಎಲ್ಲಿಗೂ ಹೋಗಲ್ಲ. ಗಿಡಕ್ಕೇ ಮುಚ್ಚಿ" ಎಂದರು.

ಇಷ್ಟು ಸುಲಭವಾದದ್ದು ನನಗೆ ತೋಚಿರಲಿಲ್ಲ. ವೈರಿಯನ್ನು ಹೊರಗಿಡಬೇಕೆಂದು ಹಿತ್ತಿಲಿನ ಸುತ್ತಳತೆಯನ್ನೆಲ್ಲ ಕಾಯುತ್ತಿದ್ದವನಿಗೆ, ಕಾಯಬೇಕಾದದ್ದು ನಾಲ್ಕು ಅಡಿ ನೆಲ ಮಾತ್ರವೆಂದು ಹೊಳೆಯುವುದು ಕಷ್ಟ. ಏಳರಲ್ಲಿ ಐದು ಮಂಕರಿಗಳು ನಮ್ಮ ಹಿತ್ತಿಲಿಗೆ ಬಂದವು. 'ಈ ಕೋಳಿಯ ಕಾಟಕ್ಕೆ ನೀವೇನು ಮಾಡಿದಿರಿ' ಎಂದು ಕೇಳುವ ಸ್ನೇಹಿತರು ಅನೇಕರಿರುವುದರಿಂದ ಉಳಿದ ವ್ಯವಸ್ಥೆಯನ್ನೂ ಹೇಳಿಬಿಡುತ್ತೇನೆ. ಬೆಳಗಿನ ಹೊತ್ತು ಕೋಳಿಗಳು ಗೂಡಿನಲ್ಲಿಯೇ ಮೊಟ್ಟೆಯಿಟ್ಟು ಮುಗಿಸಲೆಂದು ದೊಡ್ಡಮ್ಮ ಅವನ್ನು ಹತ್ತು ಗಂಟೆಯ ಮೇಲೆ ಬಿಡುತ್ತಾರೆ. ಇದರಿಂದ ಮೊಟ್ಟೆ ಕಂಡವರ ಬೇಲಿಯ ಪಾಲಾಗುವುದೂ ತಪ್ಪುತ್ತದೆ. ಅಲ್ಲಿಯವರೆಗೆ ಮಂಕರಿ ತೆಗೆದಿಟ್ಟು ಸಸಿಗೆ ಎಳೆಬಿಸಿಲು ಕೊಡುತ್ತೇನೆ. ಕಾಲೇಜಿಗೆ ಹೊರಡುವ ಮುನ್ನ ಮುಚ್ಚಿ ಕಲ್ಲು ಹೇರುತ್ತೇನೆ. ಹೆಣಿಗೆಯ ಸಂದಿನಿಂದ ಬೆಳಕೂ ಗಾಳಿಯೂ ಬೇಕಾದಷ್ಟು ಹೋಗುತ್ತವೆ. ಮುಸ್ಸಂಜೆಗೆ ಕೋಳಿಗಳು ತಾವಾಗಿಯೇ ಗೂಡು ಸೇರುವುದರಿಂದ ಮತ್ತೆ ತೆಗೆಯುತ್ತೇನೆ. ಸಸಿ ಗೇಣುದ್ದವಾದ ಮೇಲೆ ಮಂಕರಿ ಬೇಡ. ಗಿಡಗಳ ನಡುವಿನ ಬರಿನೆಲದ ಮೇಲೆ ಜಾಲಿಮುಳ್ಳಿನ ತುಂಡುಗಳನ್ನು ಒತ್ತೊತ್ತಾಗಿ ಹಾಸಿದರೆ ಸಾಕು. ಕಾಲು ಬೀಸಿ ಕೆದರಲು ಸಡಿಲವಾದ ಮಣ್ಣು ಸಿಗದಿದ್ದರೆ ಹೇಂಟೆ ಅಲ್ಲಿ ನಿಲ್ಲುವುದಿಲ್ಲ. ಬದನೆಯ ಬುಡಕ್ಕೆ ಕಲ್ಲುಗಳನ್ನು ಸುತ್ತುಗಟ್ಟಿದ್ದೇನೆ.

ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ನುಗ್ಗೆಮರದ ಬುಡದ ಏರ್ಪಾಡು. ಅಲ್ಲಿ ಮೂರಡಿ ಅಗಲದ ಗುಂಡಿ ತೋಡಿ, ಒಲೆಯ ಬೂದಿಯನ್ನೂ ಒಣಮಣ್ಣನ್ನೂ ಬೆರೆಸಿ ತುಂಬಿದೆ. ಇದೂ ದೊಡ್ಡಮ್ಮನವರದೇ ಸಲಹೆ. ಕೋಳಿಗೆ ನೀರಿನ ಸ್ನಾನವಿಲ್ಲ, ಧೂಳಿನ ಸ್ನಾನ. ಅದರಿಂದಲೇ ಮೈಯ ಹೇನು ಉದುರುತ್ತದೆ. ನನ್ನ ಮಡಿಗಳಲ್ಲಿ ನಾನು ಕಾಣುತ್ತಿದ್ದ ತೊಟ್ಟಿಲಿನಂಥ ಹಳ್ಳಗಳು ಈ ಸ್ನಾನದವು. ಅವುಗಳನ್ನು ಬರಿಯ ದುಷ್ಟತನವೆಂದು ನಾನು ಬಗೆದಿದ್ದೆ. ಈಗ ಮಧ್ಯಾಹ್ನದ ಬಿಸಿಲಿನಲ್ಲಿ ಮೂರು ನಾಲ್ಕು ಹೇಂಟೆಗಳು ಆ ಗುಂಡಿಯಲ್ಲಿ ಪಕ್ಕಕ್ಕೆ ಒರಗಿ, ಒಂದು ರೆಕ್ಕೆಯನ್ನು ಬೀಸಣಿಗೆಯಂತೆ ಹರಡಿ, ಕಣ್ಣು ಅರೆಮುಚ್ಚಿ ಬೂದಿಯನ್ನು ಮೈಮೇಲೆ ಎರಚಿಕೊಳ್ಳುತ್ತಿರುತ್ತವೆ. ಶಿವಶಿವಾ ಎನ್ನುವಂಥ ದೃಶ್ಯ. ಹಿಕ್ಕೆಯನ್ನು ನೇರವಾಗಿ ಗಿಡಕ್ಕೆ ಹಾಕಿದರೆ ಅದರ ಉಷ್ಣಕ್ಕೆ ಬುಡ ಸುಟ್ಟುಹೋಗುತ್ತದೆ. ಗುಡಿಸಿ ಗೊಬ್ಬರದ ಗುಂಡಿಗೆ ಸೇರಿಸಿ ಚೆನ್ನಾಗಿ ಕಳಿಯಲು ಬಿಡುತ್ತೇನೆ.

ಇಷ್ಟಾಗಿಯೂ ಕೋಳಿಗಳು ಮಡಿಗೆ ಬರುವುದೇ ಇಲ್ಲವೆಂದರೆ ಸುಳ್ಳಾದೀತು. ಮೊನ್ನೆ ಕೂಡ ಮೆಂತ್ಯದ ಮಡಿಯ ಒಂದು ಮೂಲೆ ಹೋಯಿತು. ನಾನು ಹುಶ್ ಎನ್ನುತ್ತೇನೆ. ಕೈಗೆ ಹೆಂಟೆ ತೆಗೆದುಕೊಳ್ಳುವುದಿಲ್ಲ. ಗೋಡೆಯಾಚೆ ವಿದ್ಯಾರ್ಥಿ ಇದ್ದಾನೆ.

ದಂಟಿನ ವಿಷಯ ಹೇಳುವುದನ್ನು ಮರೆತೆ. ಗಂಟಿನಲ್ಲಿ ಉಳಿದಿದ್ದ ಕಾಲು ಪಾಲು ಬೀಜವನ್ನು ಶ್ರಾವಣದಲ್ಲಿ ಬಿತ್ತಿದೆ. ಹುಟ್ಟಿದ ಗಿಡಗಳು ಇಪ್ಪತ್ತೊಂದು. ಆ ವರ್ಷ ಒಂದನ್ನೂ ಸಾರಿಗೆ ಕೀಳಲಿಲ್ಲ. ಎಲ್ಲವೂ ಆಳೆತ್ತರ ಬೆಳೆದು, ಕೆಂಪು ತೆನೆಬಿಟ್ಟು ಬಾಗಿ, ಬೀಜ ಕೊಟ್ಟವು. ತೆನೆಗಳನ್ನು ಒಣಗಿಸಿ, ಉಜ್ಜಿ, ತೂರಿ, ಎರಡು ಗಂಟು ಕಟ್ಟಿದೆ. ಒಂದನ್ನು ಕೊಡಲೆಂದು ದೊಡ್ಡಮ್ಮನವರ ಮನೆಗೆ ಹೋದಾಗ ಅವರು ಕುರ್ಚಿಯನ್ನು ಹೊರಗೆ ತರಿಸಲಿಲ್ಲ. ಒಳಗೆ ಕುಳಿತು ಕಾಫಿ ಕುಡಿದೆ.

ಅವರು ಆ ಬೀಜವನ್ನು ಉಗಾದಿಯ ಹಿಂದುಮುಂದಿನಲ್ಲಿ ತಮ್ಮ ಅಂಗಳದ ಮೂಲೆಯಲ್ಲಿ ಬಿತ್ತಿದರು. ಹತ್ತು ಹನ್ನೆರಡು ದಿನಗಳಾಗಿರಬೇಕು. ಒಂದು ಮಧ್ಯಾಹ್ನ ಗೋಡೆಯ ಮೇಲೆ ಅವರ ತಲೆ ಕಾಣಿಸಿತು.

"ಮೇಷ್ಟ್ರೇ, ಅಲ್ಲಿರೋ ಮಂಕರೀಲಿ ಎರಡು ಇತ್ತ ಕೊಡಿ. ಹಾಳಾದ್ ಕೋಳಿಗಳು, ನಮ್ಮ ಮಡಿಯೆಲ್ಲ ಕೆಡಿಸಿಬಿಟ್ಟವು."

ನಾನು ಎರಡು ಮಂಕರಿಗಳನ್ನು ಗೋಡೆಯ ಮೇಲಿಟ್ಟೆ. ಮೂರನೆಯದೂ ಇರಲಿ ಎಂದರು, ಅದನ್ನೂ ಕೊಟ್ಟೆ.